ದ ಸ್ಮಿತ್ಸ್ ಕೇಳುವಾಗ ಬೇಸ್ ಕಡೆಗೂ ಒಂದು ಕಿವಿ ಇರಲಿ

ನಿಮ್ಮ ಪ್ರಶ್ನೆ ಇದು: "ದ ಸ್ಮಿತ್ಸ್ ಬ್ಯಾಂಡ್ ಇದ್ದಿದ್ದೇ ಐದು ವರ್ಷ. ಹೇಳಿಕೊಳ್ಳುವಂಥ ದೊಡ್ಡ ಹಿಟ್ ಕೂಡ ಇಲ್ಲ. ಆದರೂ ಗಿಟಾರ್ ನುಡಿಸುವವರೆಲ್ಲ ಅವರ ಹೆಸರನ್ನೇ ಯಾಕೆ ಹೇಳುತ್ತಾರೆ? ಎಲ್ಲಿಂದ ಕೇಳಲು ಶುರು ಮಾಡಲಿ?"

ಎರಡನೇ ಪ್ರಶ್ನೆಗೆ ಮೊದಲು ಉತ್ತರ ಹೇಳುತ್ತೇನೆ. 'ದಿಸ್ ಚಾರ್ಮಿಂಗ್ ಮ್ಯಾನ್' ಹಾಕಿ. ಪೂರ್ತಿ ಮೂರು ನಿಮಿಷವೂ ಇಲ್ಲ. ಮೊಬೈಲ್ ಸ್ಪೀಕರಿನಲ್ಲಿ ಬೇಡ, ಇಯರ್‌ಫೋನ್ ಹಾಕಿಕೊಳ್ಳಿ. ಮೊದಲ ಸಲ ಗಿಟಾರ್ ಕೇಳಿ. ಎರಡನೇ ಸಲ ಗಿಟಾರ್ ಬಿಟ್ಟುಬಿಡಿ, ಅದರ ಕೆಳಗೆ ಓಡುತ್ತಿರುವ ಬೇಸ್ (ದಪ್ಪ ದನಿಯ ಗಿಟಾರ್) ಹಿಂದೆ ಹೋಗಿ. ನನಗೆ ಈ ಬ್ಯಾಂಡ್ ಅರ್ಥವಾಗಿದ್ದು ಆ ಎರಡನೇ ಸಲವೇ.

ನಾನು ಬೇಸ್ ನುಡಿಸುತ್ತೇನೆ. ಎಷ್ಟೋ ಹಾಡುಗಳಲ್ಲಿ ಬೇಸಿನ ಕೆಲಸ ಅಂದರೆ ಗಿಟಾರ್ ಹಿಡಿದ ಸ್ವರವನ್ನೇ ಕೆಳಗಿಂದ ಒತ್ತಿ ಹಿಡಿಯುವುದು, ಅಷ್ಟೇ. ಈ ಹಾಡಿನಲ್ಲಿ ಹಾಗಲ್ಲ. ಬೇಸ್ ಕುಣಿಯುತ್ತಾ ಹೋಗುತ್ತದೆ. ಅದನ್ನಷ್ಟೇ ಬೇರೆ ತೆಗೆದು ಗುನುಗಿದರೂ ಒಂದು ರಾಗ ಆಗುತ್ತದೆ. ಮೇಲೆ ಗಿಟಾರ್ ಇನ್ನೊಂದು ರಾಗ, ಹಾಡುಗಾರನ ದನಿ ಮತ್ತೊಂದು ರಾಗ. ಮೂರೂ ಒಂದಕ್ಕೊಂದು ತಾಗದೆ ಒಟ್ಟಿಗೇ ಓಡುತ್ತವೆ. ವಾರಗಟ್ಟಲೆ ಕೂತು ಅದನ್ನು ಕಲಿತೆ. ಕೈಗೆ ಬಂದ ದಿನ ಆದ ಖುಷಿ ಇನ್ನೂ ನೆನಪಿದೆ.

ಈಗ ಕಥೆಗೆ ಬರೋಣ. 1982, ಮ್ಯಾಂಚೆಸ್ಟರ್. ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದ 18ರ ಹುಡುಗ ಜಾನಿ ಮಾರ್ ತನ್ನ ಟ್ಯೂನ್‌ಗಳಿಗೆ ಮಾತು ಬರೆಯುವವರನ್ನು ಹುಡುಕುತ್ತಿದ್ದ. ಸ್ಟ್ರೆಟ್‌ಫರ್ಡ್‌ನಲ್ಲಿದ್ದ ಮಾರಿಸ್ಸಿಯ ಮನೆಗೆ ಹೋಗಿ ಬಾಗಿಲು ತಟ್ಟಿದ. ಮುಂದೆ ಬ್ಯಾಂಡಿನ ಹಾಡುಗಾರನಾದ ಈ ಮಾರಿಸ್ಸಿ ಅವನಿಗಿಂತ ನಾಲ್ಕು ವರ್ಷ ದೊಡ್ಡವನು, ಕೆಲಸವಿಲ್ಲದೆ ಮನೆಯಲ್ಲೇ ಓದುತ್ತಾ ಬರೆಯುತ್ತಾ ಇದ್ದವನು. ಡ್ರಮ್ಸ್‌ಗೆ ಮೈಕ್ ಜಾಯ್ಸ್ ಬಂದ. ಬೇಸ್‌ಗೆ ಮಾರ್ ಕರೆದದ್ದು ತನ್ನ ಶಾಲಾ ಗೆಳೆಯ ಆಂಡಿ ರೋರ್ಕ್‌ನನ್ನು. ನಾಲ್ವರದ್ದೂ ಐರಿಷ್ ಬೇರಿರುವ ಮನೆಗಳು. ಸ್ಮಿತ್ ಅನ್ನುವುದು ಇಂಗ್ಲೆಂಡಿನಲ್ಲಿ ಬೀದಿಗೊಬ್ಬರಿಗೆ ಇರುವಂಥ ಮನೆತನದ ಹೆಸರು. ಅದನ್ನೇ ಬ್ಯಾಂಡಿಗೆ ಇಟ್ಟುಕೊಂಡರು.

ಆಗಿನ ಬ್ರಿಟಿಷ್ ಪಾಪ್ ತುಂಬಾ ಸಿಂಥಸೈಜರ್‌ನದ್ದೇ ಕಾರುಬಾರು. 1983ರ ನವೆಂಬರಿನಲ್ಲಿ ಇವರು 'ಟಾಪ್ ಆಫ್ ದ ಪಾಪ್ಸ್' ಟಿವಿ ಕಾರ್ಯಕ್ರಮಕ್ಕೆ ಬಂದರು. ಮಾರಿಸ್ಸಿಯ ಕೈಯಲ್ಲಿ ಗ್ಲಾಡಿಯೋಲಸ್ ಹೂವಿನ ಕಟ್ಟು, ಅದನ್ನು ಬೀಸುತ್ತಾ ಹಾಡಿದ. ಮನೆಯಲ್ಲಿ ಕೂತು ಅದನ್ನು ನೋಡಿದ ಹುಡುಗರಲ್ಲಿ ಎಷ್ಟೋ ಜನ ಮುಂದೆ ಗಿಟಾರ್ ಹಿಡಿದರು. ಓಯಾಸಿಸ್ ಬ್ಯಾಂಡಿನ ನೋಯೆಲ್ ಗ್ಯಾಲಗರ್ ಅವರಲ್ಲೊಬ್ಬ. ಅವನ ಬ್ಯಾಂಡ್ ಶುರುವಾದಾಗ ಮಾರ್ ತನ್ನ ಗಿಟಾರನ್ನೇ ಅವನಿಗೆ ಕೊಟ್ಟ.

ಮಾರ್ ಮಾಡಿದ್ದೇನು ಅಂದರೆ, ಆಗಿನ ಗಿಟಾರ್ ಶೂರರ ಹಾಗೆ ಉದ್ದನೆಯ ಸೋಲೋ ಬಾರಿಸಲಿಲ್ಲ. ಸುಮ್ನೆ ಸ್ಟ್ರಮ್ ಮಾಡುತ್ತಲೂ ಕೂರಲಿಲ್ಲ. ತಂತಿಗಳನ್ನು ಒಂದೊಂದಾಗಿ ಮಿಡಿದು, ಹಾಡಿನ ಉದ್ದಕ್ಕೂ ನೇಯ್ಗೆಯ ಹಾಗೆ ಎಳೆ ಮೇಲೆ ಎಳೆ ಕೂರಿಸಿದ. ಸ್ಟುಡಿಯೋದಲ್ಲಿ ಅವನಿಗೆ ಸಿಕ್ಕಿದ್ದೆಲ್ಲ ಸಾಧನ. ಟೆಲಿಕಾಸ್ಟರ್ ಗಿಟಾರನ್ನು ಆಂಪ್ಲಿಫೈಯರ್ ಮೇಲೆ ಮಲಗಿಸಿ, ತಂತಿಗಳ ಮೇಲೆ ಲೋಹದ ಹಿಡಿಯ ಚಾಕು ಬೀಳಿಸಿ ಆ ಸದ್ದನ್ನು ರೆಕಾರ್ಡ್ ಮಾಡಿಕೊಂಡವನು ಅವನು.

'ಹೌ ಸೂನ್ ಈಸ್ ನೌ?' ಹಾಡಿನ ಆ ನಡುಗುವ ಗಿಟಾರ್ ಬಗ್ಗೆ ಹೇಳದೆ ಮುಂದೆ ಹೋಗಲಾರೆ. 1984ರ ಮಾತು, ಕಂಪ್ಯೂಟರ್ ಎಡಿಟಿಂಗ್ ಇಲ್ಲ. ಒಂದೇ ಗಿಟಾರ್ ಭಾಗವನ್ನು ನಾಲ್ಕು ಫೆಂಡರ್ ಆಂಪ್ಲಿಫೈಯರ್‌ಗಳಿಗೆ ಕಳಿಸಿದರು. ಒಂದು ಪಕ್ಕದ ಎರಡರ ಹತ್ತಿರ ಮಾರ್, ಇನ್ನೊಂದು ಪಕ್ಕದ ಎರಡರ ಹತ್ತಿರ ನಿರ್ಮಾಪಕ ಜಾನ್ ಪೋರ್ಟರ್. ನಡುಕದ ವೇಗ ತಾಳಕ್ಕೆ ಸರಿಹೊಂದುವ ಹಾಗೆ ಇಬ್ಬರೂ ಗುಬುಟು ತಿರುಗಿಸುತ್ತಾ ಕೂರುವುದು. ತಾಳ ತಪ್ಪಿತೋ, ಟೇಪ್ ನಿಲ್ಲಿಸಿ ಹಿಂದಕ್ಕೆ ಓಡಿಸಿ ಅಲ್ಲಿಂದ ಮತ್ತೆ ಶುರು. ಹೀಗೆ ತುಂಡು ತುಂಡಾಗಿ ಕಟ್ಟಿದ ಹಾಡನ್ನು ಮೊದಲು ಹೊರತಂದಿದ್ದು ಬೇರೊಂದು ಸಿಂಗಲ್‌ನ (ಒಂದು ಹಾಡಿಗೆಂದೇ ತರುವ ರೆಕಾರ್ಡ್) ಬಿ-ಸೈಡಿನಲ್ಲಿ, ಅಂದರೆ ಹಿಂಬದಿಯಲ್ಲಿ!

ದೊಡ್ಡ ಹಿಟ್ ಇಲ್ಲ ಅಂದಿರಲ್ಲ, ಅದು ಸಿಂಗಲ್‌ಗಳ ಮಟ್ಟಿಗೆ ನಿಜ. ಬ್ಯಾಂಡ್ ಇದ್ದಾಗ ಬ್ರಿಟಿಷ್ ಚಾರ್ಟಿನಲ್ಲಿ 10ನೇ ಸ್ಥಾನಕ್ಕಿಂತ ಮೇಲೆ ಒಂದೂ ಹೋಗಲಿಲ್ಲ. ಆಲ್ಬಂಗಳ ಲೆಕ್ಕವೇ ಬೇರೆ. 1984ರಿಂದ 1987ರ ಒಳಗೆ ನಾಲ್ಕು ಸ್ಟುಡಿಯೋ ಆಲ್ಬಂ, ಮೂರು 2ನೇ ಸ್ಥಾನಕ್ಕೆ, 'ಮೀಟ್ ಈಸ್ ಮರ್ಡರ್' 1ನೇ ಸ್ಥಾನಕ್ಕೆ ಬಂದವು. 'ದ ಕ್ವೀನ್ ಈಸ್ ಡೆಡ್' ಅನ್ನು 2013ರಲ್ಲಿ ಎನ್‌ಎಂಇ ಪತ್ರಿಕೆ ಸಾರ್ವಕಾಲಿಕ ಶ್ರೇಷ್ಠ ಆಲ್ಬಂ ಅಂತ ಪಟ್ಟಿಯ ತುದಿಯಲ್ಲಿಟ್ಟಿತು. ನನ್ನನ್ನು ಹಿಡಿದಿಡುವುದು ಮಾತ್ರ ಇನ್ನೊಂದು ಸಂಗತಿ. ಎತ್ತು ಏರಿಗೆ, ಕೋಣ ನೀರಿಗೆ ಅಂತಾರಲ್ವಾ, ಹಾಗೆ ಇವರ ಹಾಡುಗಳಲ್ಲಿ ಮಾತು ಒಂಟಿತನದ ಕಡೆಗೆ ಎಳೆದರೆ ಟ್ಯೂನ್ ಬಿಸಿಲಿನ ಕಡೆಗೆ ಎಳೆಯುತ್ತದೆ. ಬೇರೆಲ್ಲಾದರೂ ಇದು ಕೆಲಸ ಕೆಡಿಸುತ್ತಿತ್ತು. ಇಲ್ಲಿ ಅದೇ ಹಾಡಿನ ಜೀವ.

ಮುರಿದಿದ್ದು ಯಾಕೆ? ಕೊನೆಯ ವರ್ಷಗಳಲ್ಲಿ ನೆಟ್ಟಗೆ ನಿಲ್ಲುವ ಮ್ಯಾನೇಜರ್ ಒಬ್ಬನೂ ಇರಲಿಲ್ಲ. ಟ್ಯೂನ್ ಮಾಡುವುದರ ಜೊತೆಗೆ ಆ ಓಡಾಟವೂ ಮಾರ್ ತಲೆಗೆ ಬಿತ್ತು. 1987ರಲ್ಲಿ ಅವನು ಹೊರನಡೆದ. ಆ ಸೆಪ್ಟೆಂಬರಿನಲ್ಲಿ ಕೊನೆಯ ಆಲ್ಬಂ ಅಂಗಡಿಗೆ ಬರುವ ಹೊತ್ತಿಗೆ ಬ್ಯಾಂಡೇ ಇರಲಿಲ್ಲ.

ನನಗೆ ನೋವಾಗುವುದು ಆಮೇಲಿನ ಕೋರ್ಟ್ ಪ್ರಕರಣ. ಹಾಡು ಬರೆದ ಹಣ ಮಾರಿಸ್ಸಿ, ಮಾರ್ ಇಬ್ಬರದ್ದು, ಅದರಲ್ಲಿ ತಕರಾರಿಲ್ಲ. ಆದರೆ ರೆಕಾರ್ಡಿಂಗ್ ಮತ್ತು ಕಾರ್ಯಕ್ರಮಗಳ ಗಳಿಕೆಯಲ್ಲೂ ಇಬ್ಬರಿಗೆ ಶೇಕಡ 40, 40, ಉಳಿದಿಬ್ಬರಿಗೆ 10, 10. 1996ರಲ್ಲಿ ಜಾಯ್ಸ್ ಲಂಡನ್ನಿನ ಕೋರ್ಟಿನಲ್ಲಿ ಗೆದ್ದ. 1890ರ ಪಾಲುದಾರಿಕೆ ಕಾಯ್ದೆ ಪ್ರಕಾರ ನಾಲ್ವರೂ ಸಮಪಾಲುದಾರರು, ಅವನದ್ದು 25 ಅಂತ ತೀರ್ಪು ಬಂತು. ರೋರ್ಕ್‌ಗೆ ಆ ಪಾಲು ಸಿಗಲಿಲ್ಲ. ಅವನು ಮೊದಲೇ 83,000 ಪೌಂಡ್‌ಗೆ, ಅದೇ ಶೇಕಡ 10ಕ್ಕೆ ರಾಜಿಯಾಗಿದ್ದ. ಆ ಬೇಸ್ ಕೇಳಿದ ಮೇಲೆ ಇದು ಹತ್ತು ಪಾಲಿನ ಕೆಲಸ ಅಂತ ನನಗೆ ಯಾವತ್ತೂ ಅನಿಸಿಲ್ಲ.

ಮಾರಿಸ್ಸಿಯ ಇತ್ತೀಚಿನ ರಾಜಕೀಯ ಮಾತುಗಳಿಂದ ಬೇಸರಪಟ್ಟು ದೂರ ಸರಿದ ಅಭಿಮಾನಿಗಳು ಬಹಳ ಜನ, ನಾನೂ ಅವರಲ್ಲೊಬ್ಬ. ಹಾಡುಗಳನ್ನು ಬಿಟ್ಟಿಲ್ಲ. ಅವು ನಾಲ್ವರದ್ದು.

'ದಿಸ್ ಚಾರ್ಮಿಂಗ್ ಮ್ಯಾನ್' ಆದಮೇಲೆ 'ಹ್ಯಾಟ್‌ಫುಲ್ ಆಫ್ ಹಾಲೋ' ಪೂರ್ತಿ ಕೇಳಿ, ಆಮೇಲೆ 'ದ ಕ್ವೀನ್ ಈಸ್ ಡೆಡ್'. ಕೊನೆಗೆ 'ಬಾರ್ಬರಿಸಂ ಬಿಗಿನ್ಸ್ ಅಟ್ ಹೋಮ್' ಉಳಿಸಿಕೊಳ್ಳಿ. ಹತ್ತಿರ ಹತ್ತಿರ ಏಳು ನಿಮಿಷ, ಬೇಸೇ ಅದರ ಬೆನ್ನುಮೂಳೆ. 2022ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಮಾರ್ ಜೊತೆ ರೋರ್ಕ್ ಇನ್ನೊಮ್ಮೆ ವೇದಿಕೆ ಹತ್ತಿದ. ಮುಂದಿನ ಮೇ ತಿಂಗಳಲ್ಲಿ, 59ನೇ ವಯಸ್ಸಿಗೆ, ಕ್ಯಾನ್ಸರ್‌ನಿಂದ ತೀರಿಕೊಂಡ. ಆ ಸುದ್ದಿ ಓದಿದ ರಾತ್ರಿ ನಾನು ಬೇಸ್ ಕೈಗೆತ್ತಿಕೊಂಡು ಈ ಹಾಡನ್ನೇ ನುಡಿಸಿದೆ.