ಬೀಡಿ ಬಿಡದೆ ಬಾರ್ಲಿ ನೀರು ಕುಡಿದರೆ?

ಪ್ರಶ್ನೆ: ನಮ್ಮ ತಂದೆಗೆ 61 ವರ್ಷ. ಮೂತ್ರಕೋಶದ ಗಡ್ಡೆಯನ್ನು ಕಳೆದ ತಿಂಗಳು ದುರ್ಬೀನು ಹಾಕಿ ತೆಗೆದರು. ಕ್ಯಾನ್ಸರ್ ಮೇಲ್ಪದರದಲ್ಲಷ್ಟೇ ಇದೆ, ಸ್ನಾಯುವಿಗೆ ಇಳಿದಿಲ್ಲವಂತೆ. ಕೊಳವೆಯಿಂದ ಮೂತ್ರಕೋಶದೊಳಕ್ಕೇ ಬಿಡುವ ಬಿಸಿಜಿ ಔಷಧ ಶುರು ಮಾಡುತ್ತಾರೆ. ಬಾರ್ಲಿ ನೀರು, ಬಾಳೆದಿಂಡಿನ ರಸ ಕೊಡುತ್ತಿದ್ದೇವೆ, ಕಾಫಿ ನಿಲ್ಲಿಸಿದ್ದೇವೆ. ದಿನಕ್ಕೊಂದು ಕಟ್ಟು ಬೀಡಿ ಸೇದುತ್ತಿದ್ದವರು ಈಗ ನಾಲ್ಕೈದಕ್ಕೆ ಇಳಿದಿದ್ದಾರೆ. ಇನ್ನೇನು ಪಥ್ಯ ಮಾಡಿಸಬೇಕು?
– ಓದುಗರು, ದಾವಣಗೆರೆ

ಉತ್ತರ: ಕಾಫಿ ಕೊಡಿ, ಬೀಡಿ ಪೂರ್ತಿ ಬಿಡಿಸಿ. ನೀವು ಮಾಡಿರುವುದು ತಿರುಗುಮುರುಗು. ಹೊಗೆಯಲ್ಲಿನ ಅರೋಮ್ಯಾಟಿಕ್ ಅಮೈನ್ ಎಂಬ ಕ್ಯಾನ್ಸರ್‌ಕಾರಕ ರಾಸಾಯನಿಕಗಳು ಶ್ವಾಸಕೋಶದಿಂದ ರಕ್ತಕ್ಕೆ ಸೇರುತ್ತವೆ, ಕಿಡ್ನಿ ಅವನ್ನು ಸೋಸಿ ಮೂತ್ರಕ್ಕೆ ಬಿಡುತ್ತದೆ. ಆ ಮೂತ್ರ ಗಂಟೆಗಟ್ಟಲೆ ನಿಲ್ಲುವುದು ಮೂತ್ರಕೋಶದಲ್ಲಿ. ಹಾಗಾಗಿ ಧೂಮಪಾನಿಗಳಿಗೆ ಈ ಕ್ಯಾನ್ಸರಿನ ಅಪಾಯ ಸುಮಾರು ಮೂರು ಪಟ್ಟು. ಮೇಲ್ಪದರದ ಗಡ್ಡೆ ಮರುಕಳಿಸುವುದು ಸಾಮಾನ್ಯ, ಸೇದುತ್ತಲೇ ಇದ್ದರೆ ಇನ್ನೂ ಹೆಚ್ಚು. ‘ಕಡಿಮೆ ಮಾಡಿದ್ದೇನಲ್ಲ’ ಎಂಬ ಸಮಾಧಾನ ಇಲ್ಲಿ ನಡೆಯುವುದಿಲ್ಲ.

ಎದ್ದ ಅರ್ಧ ಗಂಟೆಯೊಳಗೆ ಮೊದಲ ಬೀಡಿ ಬೇಕೆನಿಸುವವರಿಗೆ 4 ಮಿ.ಗ್ರಾಂ. ನಿಕೋಟಿನ್ ಗಮ್, ತಡವಾಗಿ ಬೇಕೆನಿಸುವವರಿಗೆ 2 ಮಿ.ಗ್ರಾಂ. ಯಾವುದೆಂದು ವೈದ್ಯರೇ ಬರೆದುಕೊಡಲಿ. ಚ್ಯೂಯಿಂಗ್ ಗಮ್‌ನಂತೆ ಒಂದೇ ಸಮನೆ ಅಗಿದರೆ ನಿಕೋಟಿನ್ ಹೊಟ್ಟೆಗೆ ಇಳಿದು ಬಿಕ್ಕಳಿಕೆ, ಎದೆಯುರಿ ಬರುತ್ತದೆ. ಬಹಳ ಮಂದಿ ‘ನನಗಾಗದು’ ಎಂದು ಕೈಬಿಡುವುದು ಇದರಿಂದಲೇ. ನಿಧಾನವಾಗಿ ಅಗಿದು, ಚುರುಚುರು ಎನಿಸಿದಾಗ ಕೆನ್ನೆಗೂ ಒಸಡಿಗೂ ನಡುವೆ ಇಟ್ಟುಕೊಳ್ಳಬೇಕು. ಚುರುಗುಟ್ಟುವುದು ನಿಂತರೆ ಮತ್ತೆ ಅಗಿಯಬೇಕು. ಹೀಗೆ ಅರ್ಧ ಗಂಟೆ. ಹಾಕಿಕೊಳ್ಳುವ ಮುಂಚಿನ 15 ನಿಮಿಷ ಕಾಫಿ, ಹಣ್ಣಿನ ರಸ ಬೇಡ, ನಿಕೋಟಿನ್ ಹೀರುವುದು ಕಡಿಮೆಯಾಗುತ್ತದೆ. ಸಲಹೆಗೆ ಸರ್ಕಾರದ ಉಚಿತ ಸಹಾಯವಾಣಿ 1800-11-2356 ಇದೆ.

ಇನ್ನು ಕಾಫಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1991ರಲ್ಲಿ ಕಾಫಿಯ ಮೇಲೆ ಅನುಮಾನ ಪಟ್ಟಿತ್ತು. ಕಾಫಿ ಕುಡಿಯುವವರಲ್ಲಿ ಧೂಮಪಾನಿಗಳೂ ಹೆಚ್ಚು ಎಂಬುದು ಲೆಕ್ಕವನ್ನು ಕದಡಿತ್ತು. 2016ರಲ್ಲಿ ಕಾಫಿಯನ್ನು ಆ ಅನುಮಾನದ ಪಟ್ಟಿಯಿಂದ ಇಳಿಸಿತು. ಬಾರ್ಲಿ ನೀರೂ ನೀರೇ, ಔಷಧವಲ್ಲ. ಹೃದಯ, ಕಿಡ್ನಿ ತೊಂದರೆ ಇಲ್ಲದಿದ್ದರೆ ದಿನಕ್ಕೆ ಒಟ್ಟು ಎರಡು–ಎರಡೂವರೆ ಲೀಟರ್ ದ್ರವ ಸಾಕು. ಕಿಡ್ನಿ ದುರ್ಬಲವಿದ್ದರೆ ಪೊಟ್ಯಾಸಿಯಂ ಇರುವ ಬಾಳೆದಿಂಡಿನ ರಸ ಬೇಡ.

ಬಿಸಿಜಿ ಹಾಕಿಸುವ ಮುಂಚೆ ಮಾತ್ರ ಈ ನೀರಿನ ಉಪಚಾರಕ್ಕೆ ವಿರಾಮ ಕೊಡಿ. ಸುಮಾರು ನಾಲ್ಕು ಗಂಟೆ ಮುಂಚಿನಿಂದ ನೀರು ತಗ್ಗಿಸದಿದ್ದರೆ ಔಷಧ ತೆಳುವಾಗುತ್ತದೆ, ಅದನ್ನು ಮೂತ್ರಕೋಶದಲ್ಲಿ ಎರಡು ಗಂಟೆ ತಡೆದುಕೊಳ್ಳುವುದೂ ಆಗುವುದಿಲ್ಲ. ಆಮೇಲಿನ ಆರು ಗಂಟೆ ಕೂತೇ ಮೂತ್ರ ಮಾಡಲಿ. ಬಿಸಿಜಿಯಲ್ಲಿ ಜೀವಂತ ಬ್ಯಾಕ್ಟೀರಿಯಾ ಇರುವುದರಿಂದ ಪ್ರತಿ ಸಲ ಬ್ಲೀಚ್ ಸುರಿದು 15 ನಿಮಿಷ ಬಿಟ್ಟು ಫ್ಲಶ್ ಮಾಡಿ. ಮೂರು ತಿಂಗಳ ದುರ್ಬೀನು ಪರೀಕ್ಷೆ ತಪ್ಪಿಸಬೇಡಿ.

ಪ್ರಶ್ನೆ: ನಮ್ಮ ಕಡೆಯ ಬೋರ್‌ವೆಲ್ ನೀರಿನಲ್ಲಿ ಆರ್ಸೆನಿಕ್ ಇದೆ, ಅದರಿಂದಲೂ ಈ ಕ್ಯಾನ್ಸರ್ ಬರುತ್ತದೆ ಎನ್ನುತ್ತಾರೆ. ಕುದಿಸಿ ಕುಡಿದರೆ ಸಾಕೇ?
– ಓದುಗರು, ಸುರಪುರ ತಾಲ್ಲೂಕು

ಉತ್ತರ: ಬರುವುದು ನಿಜ, ಆದರೆ ವರ್ಷಗಟ್ಟಲೆ ಕುಡಿದವರಿಗೆ. ಕುದಿಸಿದರೆ ನೀರು ಆವಿಯಾಗಿ ಆರ್ಸೆನಿಕ್ ಉಳಿಯುತ್ತದೆ, ಅಂದರೆ ಉಳಿದ ನೀರಿನಲ್ಲಿ ಅದರ ಪ್ರಮಾಣ ಇನ್ನಷ್ಟು ಹೆಚ್ಚುತ್ತದೆ. ಕ್ಯಾಂಡಲ್ ಫಿಲ್ಟರ್, ಯುವಿ ದೀಪ ಎರಡೂ ಪ್ರಯೋಜನವಿಲ್ಲ. ಟಿಡಿಎಸ್ ಮೀಟರ್ ಇದನ್ನು ತೋರಿಸುವುದೂ ಇಲ್ಲ. ಯಾದಗಿರಿ, ರಾಯಚೂರು ಭಾಗದ ಚಿನ್ನದ ಅದಿರಿನ ಬಂಡೆಗಳಲ್ಲೇ ಆರ್ಸೆನಿಕ್ ಇರುವುದರಿಂದ ಒಂದು ಬೋರ್‌ನಲ್ಲಿ ಇದ್ದು ಪಕ್ಕದ್ದರಲ್ಲಿ ಇಲ್ಲದೆಯೂ ಇರಬಹುದು. ನಿಮ್ಮ ಬೋರ್‌ನ ನೀರನ್ನೇ ಪ್ರಯೋಗಾಲಯಕ್ಕೆ ಕೊಡಿ. ಲೀಟರಿಗೆ 0.01 ಮಿ.ಗ್ರಾಂ. ಮಿತಿ. ದಾಟಿದ್ದರೆ ಬೇರೆ ಮೂಲದ ನೀರೇ ಮೇಲು. ಆರ್‌ಒ ಹಾಕಿಸಿದರೆ ಅದರಿಂದ ಹೊರಬರುವ ನೀರನ್ನೂ ಪರೀಕ್ಷಿಸಿ. ಅನ್ನ, ಬೇಳೆ ಬೇಯಿಸಲೂ ಒಳ್ಳೆಯ ನೀರೇ ಬೇಕು, ಇದನ್ನು ಮರೆಯುವವರೇ ಹೆಚ್ಚು. ಸ್ನಾನಕ್ಕೆ, ಬಟ್ಟೆಗೆ ಆ ಬೋರ್‌ನ ನೀರೇ ಸಾಕು.

ಪ್ರಶ್ನೆ: ವಯಸ್ಸು 52. ಆರು ತಿಂಗಳಲ್ಲಿ ಮೂರು ಸಲ ಮೂತ್ರ ಕೆಂಪಾಯಿತು. ನೋವಿಲ್ಲ, ಉರಿಯಿಲ್ಲ. ಪ್ರತಿ ಸಲವೂ ‘ಇನ್‌ಫೆಕ್ಷನ್’ ಎಂದು ಮಾತ್ರೆ ಕೊಟ್ಟರು, ನಿಂತಿತು. ಬೀಟ್‌ರೂಟ್ ಕಾರಣವೇ?
– ಓದುಗರು, ಹಾಸನ

ಉತ್ತರ: ಬೀಟ್‌ರೂಟ್‌ನಿಂದ ಮೂತ್ರ ಕೆಂಪಾದರೆ ತಿನ್ನುವುದು ಬಿಟ್ಟ ಒಂದೆರಡು ದಿನದಲ್ಲಿ ಹೋಗುತ್ತದೆ, ಮೈಕ್ರೋಸ್ಕೋಪಿನಲ್ಲಿ ರಕ್ತಕಣ ಕಾಣುವುದಿಲ್ಲ. ಮೂರು ಸಲವೂ ಕಲ್ಚರ್ ಮಾಡಿಸಿದ್ದರೇ, ಬ್ಯಾಕ್ಟೀರಿಯಾ ಬೆಳೆದಿತ್ತೇ ಎಂದು ಹಳೆಯ ರಿಪೋರ್ಟ್ ತೆಗೆದು ನೋಡಿ. ಇಂಥ ರಕ್ತ ಮಾತ್ರೆ ನುಂಗದೆಯೂ ತಾನಾಗಿ ನಿಲ್ಲುತ್ತದೆ. ನಿಂತ ಮಾತ್ರಕ್ಕೆ ಮಾತ್ರೆ ಕೆಲಸ ಮಾಡಿತು ಎನ್ನಲಾಗದು. ಹೆಂಗಸರಲ್ಲಿ ಈ ಕ್ಯಾನ್ಸರ್ ತಡವಾಗಿ ಪತ್ತೆಯಾಗಲು ‘ಇನ್‌ಫೆಕ್ಷನ್’ ಎಂಬ ಈ ಊಹೆ ಒಂದು ಕಾರಣ. ಕಲ್ಲು, ನಿಜವಾದ ಸೋಂಕು ಕೂಡ ಇರಬಹುದು, ಹೆದರಬೇಡಿ. ಆದರೆ ಈ ವಾರವೇ ಯುರಾಲಜಿಸ್ಟರನ್ನು ಕಾಣಿ. ಸ್ಕ್ಯಾನಿಂಗ್ ನಾರ್ಮಲ್ ಬಂದರೂ ದುರ್ಬೀನು ಪರೀಕ್ಷೆ ಬೇಡವೆನ್ನಬೇಡಿ. ಸಣ್ಣ, ಚಪ್ಪಟೆ ಗಡ್ಡೆಗಳು ಸ್ಕ್ಯಾನಿಂಗಿಗೆ ಸಿಗುವುದಿಲ್ಲ.

ಪ್ರಶ್ನೆ: ಸಕ್ಕರೆ ಬದಲು ಹಾಕುವ ಸ್ಯಾಕರಿನ್‌ನಿಂದ ಮೂತ್ರಕೋಶದ ಕ್ಯಾನ್ಸರ್ ಬರುತ್ತದೆಯೇ?
– ಓದುಗರು, ಮೈಸೂರು

ಉತ್ತರ: ಬಂದದ್ದು ಇಲಿಗಳಿಗೆ, ಅದೂ ಮಿತಿಮೀರಿ ತಿನ್ನಿಸಿದಾಗ. ಇಲಿಯ ಮೂತ್ರದಲ್ಲಿ ಹರಳುಗಟ್ಟಿ ಒಳಪದರ ಕೆರೆಯುತ್ತದೆ, ಮನುಷ್ಯರಲ್ಲಿ ಹಾಗಾಗುವುದಿಲ್ಲ. 2000ದಲ್ಲಿ ಅಮೆರಿಕ ಅದನ್ನು ಕ್ಯಾನ್ಸರ್‌ಕಾರಕಗಳ ಪಟ್ಟಿಯಿಂದ ತೆಗೆದಿದೆ. ನೀವು ಸಕ್ಕರೆ ಕಾಯಿಲೆಗೆ ಪಯೋಗ್ಲಿಟಜೋನ್ ನುಂಗುತ್ತಿದ್ದರೆ ಅದನ್ನು ವೈದ್ಯರ ಹತ್ತಿರ ಕೇಳಿ. ಮೂತ್ರಕೋಶದ ಕ್ಯಾನ್ಸರ್ ಇದ್ದವರಿಗೆ ಆ ಮಾತ್ರೆ ಕೊಡುವಂತಿಲ್ಲ. ನೀವಾಗಿ ನಿಲ್ಲಿಸುವುದು ಮಾತ್ರ ಬೇಡ, ಸಕ್ಕರೆ ಏರಿಬಿಡುತ್ತದೆ.