ಭರದಿಂದ ಬೆಳೆಯುತ್ತಿರುವ ನಗರದ ಬೆಳವಣಿಗೆಯನ್ನು ಛಾಯಾಚಿತ್ರದಲ್ಲಿ ತೋರಿಸುವುದು ಹೇಗೆ?

ಪ್ರವಾಸಿ ಪತ್ರಿಕೆಯೊಂದಕ್ಕಾಗಿ ಐದು ದಿನ ವಿಯೆಟ್ನಾಮಿನ ಹೋ ಚಿ ಮಿನ್ ನಗರಕ್ಕೆ ಹೋಗುತ್ತಿರುವುದಾಗಿಯೂ, ‘ಬೆಳೆಯುತ್ತಿರುವ ನಗರ’ ಎಂಬ ವಿಷಯಕ್ಕೆ ಗಗನಚುಂಬಿಗಳ ಚಿತ್ರಗಳೇ ಸಾಕೇ, ಯಾವ ಲೆನ್ಸ್ ಒಯ್ಯಬೇಕು ಎಂದೂ ನೀವು ಕೇಳಿದ್ದೀರಿ. ಇಂಥದೇ ಕೆಲಸದ ಮೇಲೆ 2023ರಲ್ಲೊಮ್ಮೆ, 2025ರ ಜನವರಿಯಲ್ಲೊಮ್ಮೆ ನಾನು ಅಲ್ಲಿಗೆ ಹೋಗಿಬಂದಿರುವುದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಗಗನಚುಂಬಿಗಳು ಸಾಲವು. ಮೊದಲ ಸಲ ನಾನು ಎರಡು ಪೂರ್ತಿ ದಿನಗಳನ್ನು ಅವುಗಳಿಗೇ ಕೊಟ್ಟೆ: 68 ಅಂತಸ್ತಿನ ಬಿಟೆಕ್ಸ್ಕೊ ಕಟ್ಟಡ, 2018ರಲ್ಲಿ ತೆರೆದ, 461 ಮೀಟರ್ ಎತ್ತರದ ಲ್ಯಾಂಡ್‌ಮಾರ್ಕ್ 81, ರಾತ್ರಿಯ ದೀಪಗಳು. ಚಿತ್ರಗಳನ್ನು ನೋಡಿದ ಸಂಪಾದಕರು, ‘ಚೆನ್ನಾಗಿವೆ, ಆದರೆ ಇವು ಯಾವ ಊರಿನವಾದರೂ ಆಗಬಹುದಲ್ಲ’ ಎಂದರು. ಅವರ ಮಾತು ಸರಿಯಾಗಿತ್ತು. ಕಟ್ಟಡವೊಂದೇ ಚೌಕಟ್ಟಿನಲ್ಲಿದ್ದರೆ ಅದು ಎಷ್ಟು ಎತ್ತರವಿದೆ ಎಂಬುದಷ್ಟೇ ತಿಳಿಯುತ್ತದೆ. ಅದು ಯಾವುದರ ನಡುವೆ ಎದ್ದಿತು, ಅದರ ಬುಡದಲ್ಲಿ ಯಾರು ಬದುಕುತ್ತಿದ್ದಾರೆ ಎಂಬುದು ತಿಳಿಯುವುದಿಲ್ಲ. ಬೆಳವಣಿಗೆ ಕಣ್ಣಿಗೆ ಕಾಣಬೇಕಾದರೆ ಹಳೆಯದೂ ಅದೇ ಚೌಕಟ್ಟಿನಲ್ಲಿರಬೇಕು.

ಇದಕ್ಕೆ ತಕ್ಕ ಜಾಗ ಲ್ಯಾಂಡ್‌ಮಾರ್ಕ್ 81 ಇರುವ ಬಿನ್ ಥಾನ್ ಭಾಗ. ಅಲ್ಲಿಯ ಓಣಿಗಳನ್ನು ‘ಹೆಮ್’ ಎನ್ನುತ್ತಾರೆ. ಅಗಲ ಕಡಿಮೆ, ಉದ್ದ ಹೆಚ್ಚಿರುವ ಮನೆಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ, ತಲೆಯ ಮೇಲೆ ತಂತಿಗಳ ಗೋಜಲು. ಇಲ್ಲಿ ಹತ್ತಿರದಿಂದ, ಅಗಲ ನೋಟದ ವೈಡ್ ಲೆನ್ಸಿನಲ್ಲಿ ತೆಗೆದರೆ ಹಿಂದಿನ ಕಟ್ಟಡ ಪೆನ್ಸಿಲಿನಷ್ಟು ಸಣ್ಣದಾಗಿಬಿಡುತ್ತದೆ. ಓಣಿಯಿಂದ ಸಾಧ್ಯವಾದಷ್ಟು ಹಿಂದೆ ಸರಿದು, ದೂರದ್ದನ್ನು ಹತ್ತಿರ ತರುವ 70–200 ಮಿ.ಮೀ. ಜೂಮ್ ಲೆನ್ಸಿನ ಉದ್ದದ ತುದಿಯಲ್ಲಿ, ಅಂದರೆ 200ರ ಕಡೆ, ತೆಗೆದರೆ ಅದೇ ಕಟ್ಟಡ ತಗಡಿನ ಮಾಡುಗಳ ಬೆನ್ನಿಗೇ ಬಂದು ನಿಂತಂತೆ ಕಾಣುತ್ತದೆ. ಆದ್ದರಿಂದ ಆ ಲೆನ್ಸನ್ನೂ ಓಣಿಯೊಳಗಿನ ಜನರಿಗಾಗಿ 35 ಮಿ.ಮೀ. ಲೆನ್ಸನ್ನೂ ಒಯ್ಯಿರಿ. ಮೂರನೆಯದು ಭಾರವೇ ಹೊರತು ಉಪಯೋಗವಿಲ್ಲ.

ಬೆಳಕಿನ ಲೆಕ್ಕವನ್ನು ನದಿಯಿಂದ ಹಾಕಬೇಕು. ಹಳೆಯ ನಗರಕೇಂದ್ರ ಸೈಗಾನ್ ನದಿಯ ಪಶ್ಚಿಮ ದಡದಲ್ಲಿದೆ. ಎದುರಿನ ಪೂರ್ವ ದಡದಲ್ಲಿ ಥು ಥಿಯೆಮ್ ಎಂಬ ಹೊಸ ಬಡಾವಣೆ ಏಳುತ್ತಿದೆ. ಥು ಥಿಯೆಮ್ ದಡದಲ್ಲಿ ನಿಂತರೆ ಬೆಳಗಿನ ಬಿಸಿಲು ನಿಮ್ಮ ಬೆನ್ನಿಗಿದ್ದು ಎದುರಿನ ಕಟ್ಟಡಗಳ ಮುಖಕ್ಕೆ ಬೀಳುತ್ತದೆ, ಸಂಜೆ ಸೂರ್ಯ ಆ ಕಟ್ಟಡಗಳ ಹಿಂದೆ ಇಳಿಯುತ್ತಾನೆ. ಊರು ಸಮಭಾಜಕಕ್ಕೆ ಹತ್ತಿರವಿರುವುದರಿಂದ ಸೂರ್ಯ ಮುಳುಗಿದ ಮೇಲಿನ ನೀಲಿ ಬೆಳಕು ಇಪ್ಪತ್ತು–ಇಪ್ಪತ್ತೈದು ನಿಮಿಷಕ್ಕಿಂತ ಹೆಚ್ಚು ನಿಲ್ಲುವುದಿಲ್ಲ. ಅಷ್ಟರೊಳಗೆ ಜಾಗ ಹುಡುಕುತ್ತ ಕೂರಲಾಗದು, ಟ್ರೈಪಾಡ್ ಮೊದಲೇ ಊರಿರಬೇಕು. ಕಟ್ಟಡಗಳ ಮೈತುಂಬ ಕಣ್ಣಿಗೆ ತಿಳಿಯದಷ್ಟು ಬೇಗ ಮಿನುಗುವ ಎಲ್‌ಇಡಿ ಜಾಹೀರಾತುಗಳಿರುವುದರಿಂದ ಶಟರ್ ವೇಗವನ್ನು ಸೆಕೆಂಡಿನ ಐವತ್ತನೇ ಒಂದು ಭಾಗ ಅಥವಾ ಅದಕ್ಕಿಂತ ನಿಧಾನಕ್ಕೆ ಇಟ್ಟುಕೊಂಡರೆ ಚಿತ್ರದಲ್ಲಿ ಪಟ್ಟಿಗಳು ಮೂಡುವುದು ಬಹುಮಟ್ಟಿಗೆ ತಪ್ಪುತ್ತದೆ.

ನನ್ನ ಮಟ್ಟಿಗೆ ಇಡೀ ಕೆಲಸದ ಅರ್ಥ ತಿಳಿದದ್ದು ಇದೇ ಥು ಥಿಯೆಮ್‌ನಲ್ಲಿ, ಒಂದು ಬೆಳಗಿನ ಐದೂವರೆ ಗಂಟೆಗೆ. ಕಟ್ಟಡ ಕೆಲಸದ ಜಾಗದ ತಗಡಿನ ಬೇಲಿಗೆ ಒರಗಿದಂತೆ ಒಬ್ಬ ಮಧ್ಯವಯಸ್ಸಿನ ಹೆಂಗಸು ಇದ್ದಿಲ ಒಲೆ ಹೊತ್ತಿಸಿ ‘ಕಮ್ ತಾಮ್’, ಅಂದರೆ ನುಚ್ಚಕ್ಕಿ ಅನ್ನ ಮತ್ತು ಸುಟ್ಟ ಮಾಂಸ, ಬಡಿಸುತ್ತಿದ್ದರು. ಮೊಣಕಾಲೆತ್ತರದ ನೀಲಿ ಪ್ಲಾಸ್ಟಿಕ್ ಸ್ಟೂಲುಗಳ ಮೇಲೆ ಹಳದಿ ಹೆಲ್ಮೆಟ್ಟಿನ ಕೆಲಸಗಾರರು ಮಾತಿಲ್ಲದೆ ಉಣ್ಣುತ್ತಿದ್ದರು. ಒಬ್ಬ ತನ್ನ ಹೆಲ್ಮೆಟ್ಟನ್ನು ಬೋರಲು ಹಾಕಿ ಅದರ ಮೇಲೆ ಟೀ ಲೋಟ ಇಟ್ಟಿದ್ದ. ಬೇಲಿಯ ಮೇಲೆ, ಮುಂದೆ ಏಳಲಿರುವ ಅಪಾರ್ಟ್‌ಮೆಂಟಿನ ಈಜುಕೊಳದ ಬಣ್ಣದ ಚಿತ್ರ. ನಾನು ಕ್ಯಾಮೆರಾ ತೆಗೆಯದೆ ಮೊದಲು ಒಂದು ತಟ್ಟೆ ಅನ್ನ ತೆಗೆದುಕೊಂಡು ಕೂತೆ, ಆಮೇಲೆ ಕೈಸನ್ನೆಯಲ್ಲಿ ಅನುಮತಿ ಕೇಳಿದೆ, ಆಕೆ ನಕ್ಕು ತಲೆಯಾಡಿಸಿದರು. ನಿಂತ ಜಾಗ, ಲೆನ್ಸು, ಗಂಟೆ ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡಿದ್ದರಿಂದ 2025ರಲ್ಲಿ ಅದೇ ಜಾಗಕ್ಕೆ ಹೋಗಿ ಅದೇ ಹೊತ್ತಿಗೆ ನಿಂತೆ. ಬೇಲಿ ಹೋಗಿ ಗಾಜಿನ ಗೋಡೆ ಬಂದಿತ್ತು. ಆಕೆ ರಸ್ತೆಯಾಚೆಗೆ ಸರಿದಿದ್ದರು, ಸ್ಟೂಲುಗಳು ಅವೇ ನೀಲಿಯವು. ಎದುರುಬದುರು ಪುಟಗಳಲ್ಲಿ ಅಚ್ಚಾದದ್ದು ಆ ಎರಡು ಚಿತ್ರಗಳೇ.

ಥು ಥಿಯೆಮ್‌ನಿಂದ ನದಿ ದಾಟಿ ಬರುವ ಬಾ ಸೊನ್ ಸೇತುವೆ ನಗರಕೇಂದ್ರದಲ್ಲಿ ಇಳಿಯುವ ಕಡೆ, ತೋನ್ ಡುಕ್ ಥಾಂಗ್ ರಸ್ತೆಯಲ್ಲಿ, ಹಿಂದೆ ದೊಡ್ಡ ಸಾಲುಮರಗಳಿದ್ದವು; ಸೇತುವೆ ಮತ್ತು ಮೆಟ್ರೋ ಕೆಲಸಕ್ಕಾಗಿ ಅವುಗಳನ್ನು ತೆಗೆದರು. ಮೆಟ್ರೋಗಾಗಿ ಎಂ.ಜಿ. ರಸ್ತೆಯ ಮರಗಳು ಉರುಳಿದ್ದನ್ನು ನೋಡಿದ ಬೆಂಗಳೂರಿನವನಾದ ನನಗೆ ಆ ಬಯಲು ರಸ್ತೆಯಲ್ಲಿ ನಿಂತಾಗ ಗಂಟಲು ಕಟ್ಟಿತು. ಇಲ್ಲದ್ದನ್ನು ಚಿತ್ರದಲ್ಲಿ ತೋರಿಸುವುದು ಕಷ್ಟ. ನೆರಳಿಲ್ಲದ ಪಾದಚಾರಿ ದಾರಿಯಲ್ಲಿ ನಡುಮಧ್ಯಾಹ್ನ ತಲೆಯ ಮೇಲೆ ಫೈಲು ಹಿಡಿದು ನಡೆಯುವವರನ್ನು ತೆಗೆದೆ, ಅಷ್ಟೇ ಸಾಧ್ಯವಾಯಿತು.

ಮೊದಲ ದಿನ ಮೆಟ್ರೋ ಹತ್ತಿ. 2024ರ ಡಿಸೆಂಬರ್ 22ರಂದು ಆರಂಭವಾದ ಮೊದಲ ಮಾರ್ಗ ಬೆನ್ ಥಾನ್‌ನಿಂದ ಸುವೊಯ್ ತಿಯೆನ್‌ವರೆಗೆ ಸುಮಾರು 20 ಕಿ.ಮೀ. ಇದೆ, 14 ನಿಲ್ದಾಣಗಳಲ್ಲಿ ಮೂರು ಮಾತ್ರ ನೆಲದಡಿ. ಉಳಿದದ್ದೆಲ್ಲ ಮೇಲ್ಸೇತುವೆಯಾದ್ದರಿಂದ ಕಿಟಕಿಯಿಂದಲೇ ಊರಿನ ಹಳೆಯ ಮಾಡುಗಳೂ ಹೊಸ ಅಪಾರ್ಟ್‌ಮೆಂಟುಗಳೂ ಕಾಣುತ್ತವೆ, ಎಲ್ಲಿ ಇಳಿಯಬೇಕೆಂದು ಗುರುತು ಹಾಕಿಕೊಳ್ಳಬಹುದು.

ಇನ್ನು ಎಚ್ಚರಿಕೆಗಳು. ಎ.ಸಿ. ಕೋಣೆಯಿಂದ ಹೊರಬಂದೊಡನೆ ಲೆನ್ಸಿನ ಮೇಲೆ ಹಬೆ ಕಟ್ಟುತ್ತದೆ. ಅರ್ಧ ಗಂಟೆ ಬ್ಯಾಗಿನ ಜಿಪ್ ತೆರೆಯಬೇಡಿ. ಬೈಕಿನಲ್ಲಿ ಬಂದು ಫೋನು, ಕ್ಯಾಮೆರಾ ಕಸಿಯುವವರಿದ್ದಾರೆ, ರಸ್ತೆಯ ಅಂಚಿನಲ್ಲಿ ನಿಂತಾಗ ಕ್ಯಾಮೆರಾದ ಪಟ್ಟಿಯನ್ನು ಮೈಗೆ ಅಡ್ಡಲಾಗಿ ಹಾಕಿಕೊಳ್ಳಿ. ಡ್ರೋನ್ ಹಾರಿಸಲು ಮುಂಚಿತವಾಗಿ ಸರ್ಕಾರದ ಅನುಮತಿ ಬೇಕು, ಐದು ದಿನದ ಕೆಲಸಕ್ಕೆ ಅದನ್ನು ಮನೆಯಲ್ಲೇ ಬಿಡಿ. ಮೇಯಿಂದ ನವೆಂಬರ್‌ವರೆಗೆ ಮಳೆಗಾಲ. ಆಗ ಹೋಗುವುದಾದರೆ ಮಧ್ಯಾಹ್ನದ ಮಳೆಗೆ ಹೆದರಿ ಒಳಗೆ ಕೂರಬೇಡಿ, ಏಕೆಂದರೆ ಮಳೆ ಬಿದ್ದ ಕೂಡಲೇ ಸಾವಿರಾರು ಬೈಕ್ ಸವಾರರು ಬಣ್ಣಬಣ್ಣದ ರೇನ್‌ಕೋಟು ತೊಟ್ಟು ಸಿಗ್ನಲ್ಲಿನಲ್ಲಿ ನಿಲ್ಲುತ್ತಾರೆ, ಒದ್ದೆ ರಸ್ತೆಯಲ್ಲಿ ಅವರ ದೀಪಗಳೆಲ್ಲ ಪ್ರತಿಫಲಿಸುತ್ತವೆ.