ಎಳೆಯ ಆಟಗಾರನ ತಲೆಗೆ ಪೆಟ್ಟಾದಾಗ ರೆಫರಿಯ ಹೊಣೆ ಏನು?

ಪೆಟ್ಟಿನಿಂದ ಮಿದುಳು ಅಲುಗಿ ಕನ್‌ಕಶನ್ ಆಗಿದೆಯೇ ಎಂದು ನಿರ್ಧರಿಸುವುದು ರೆಫರಿಯ ಕೆಲಸವಲ್ಲ, ವೈದ್ಯರದು. ಆದರೆ ಅಮೆರಿಕದ ಹೈಸ್ಕೂಲ್ ಕ್ರೀಡೆಗಳಲ್ಲಿ 2010ರಿಂದ ಇರುವ ನಿಯಮದಂತೆ, ಆಟಗಾರನು ತೂರಾಡುವುದು, ಗೊಂದಲಕ್ಕೊಳಗಾಗುವುದು, ಪ್ರಶ್ನೆಗೆ ತಡವಾಗಿ ಉತ್ತರಿಸುವುದು, ತಲೆನೋವೆಂದು ಹೇಳುವುದು ಮುಂತಾದ ಯಾವ ಲಕ್ಷಣ ಕಂಡರೂ, ಪ್ರಜ್ಞೆ ತಪ್ಪಿರದಿದ್ದರೂ ಸಹ, ಅವನನ್ನು ಕೂಡಲೇ ಆಟದಿಂದ ಹೊರಗಿಡಬೇಕು. ಅರ್ಹ ವೈದ್ಯಕೀಯ ಸಿಬ್ಬಂದಿ ಅನುಮತಿಸುವವರೆಗೆ ಅವನು ಮರಳುವಂತಿಲ್ಲ. ಮೈದಾನದಲ್ಲಿ ಗೆಲುವಿನ ಹಂಬಲವಿಲ್ಲದವರು ರೆಫರಿಗಳಷ್ಟೇ ಆದ್ದರಿಂದ, ಈ ಹೊಣೆಯನ್ನು ಕೋಚ್‌ಗೆ ಮಾತ್ರ ಬಿಡದಿರುವುದು ಸರಿಯೆಂದೇ ನನ್ನ ಅಭಿಪ್ರಾಯ. ಇಷ್ಟು ಬಿಗಿಗೆ ಕಾರಣವೂ ಇದೆ: 2006ರಲ್ಲಿ ವಾಷಿಂಗ್ಟನ್ ರಾಜ್ಯದ 13 ವರ್ಷದ ಜ್ಯಾಕರಿ ಲಿಸ್ಟೆಡ್, ತಲೆಗೆ ಪೆಟ್ಟಾದ ಮೇಲೂ ಅದೇ ಅಮೆರಿಕನ್ ಫುಟ್‌ಬಾಲ್ ಪಂದ್ಯಕ್ಕೆ ಮರಳಿ, ಮಿದುಳಿಗೆ ತೀವ್ರ ಹಾನಿಯಾಗಿ ಕುಸಿದುಬಿದ್ದನು. ಅವನ ಹೆಸರಿನ ಕಾಯ್ದೆಯನ್ನು ಆ ರಾಜ್ಯ 2009ರಲ್ಲಿ ಜಾರಿಗೊಳಿಸಿತು.